ಬೆಂಗಳೂರು ಸೇರಿದವರ ಗದ್ದೆ, ಊರಲ್ಲಿ ಉಳಿದವರ ಪಾಡು

2011ರ ಜನಗಣತಿಯ ಎರಡು ಅಂಕಿ ಕಾಣಿ. ಅದಕ್ಕೂ ಹಿಂದಿನ ಹತ್ತು ವರ್ಷದಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಶೇ. 47ರಷ್ಟು ಏರಿತು. ನಮ್ಮ ಉಡುಪಿ ಜಿಲ್ಲೆಯದು ಶೇ. 6ನ್ನೂ ಮುಟ್ಟಲಿಲ್ಲ. ಹುಟ್ಟುವ ಮಕ್ಕಳು ಕಮ್ಮಿಯಾದದ್ದೂ ಒಂದು ಕಾರಣ. ಆದರೆ ಜಿಲ್ಲೆಯಲ್ಲಿ 1000 ಗಂಡಸರಿಗೆ 1094 ಹೆಂಗಸರಿದ್ದರು. ಹೋಟೆಲ್, ಬೇಕರಿ, ಕಂಪನಿ ಅಂತ ಹೊರಟವರ ಲೆಕ್ಕ ಅದರಲ್ಲೇ ಇದೆ.

ಕುಂದಾಪುರ, ಬೈಂದೂರು, ಬ್ರಹ್ಮಾವರದಲ್ಲಿ ಇದರ ಪೆಟ್ಟು ಬಿದ್ದದ್ದು ಬೈಲು ಗದ್ದೆಗೆ. ಬೆಟ್ಟು ಗದ್ದೆಯಾದರೆ ಅಡಿಕೆ, ತೆಂಗು ಹಾಕಬಹುದು, ಇಲ್ಲ ಸೈಟ್ ಮಾಡಬಹುದು. ಮಳೆಗಾಲದಲ್ಲಿ ನೀರು ನಿಲ್ಲುವ ಬೈಲಿನಲ್ಲಿ ಭತ್ತ ಬಿಟ್ಟರೆ ಇನ್ನೇನು ಬರುತ್ತೆ? ಸಾಲದ್ದಕ್ಕೆ ಬೈಲು ಒಬ್ಬನದ್ದಲ್ಲ. ಮೇಲಿನ ಗದ್ದೆಯ ನೀರು ಕೆಳಗಿನದ್ದಕ್ಕೆ ಇಳಿಯಬೇಕು, ತೋಡಿನ ಹೂಳು ಎಲ್ಲರೂ ಸೇರಿ ತೆಗೆಯಬೇಕು. ಆರು ಮನೆಯಲ್ಲಿ ಮೂರು ಮನೆಗೆ ಬೀಗ ಬಿತ್ತು ಅಂದ್ಕೊಳ್ಳಿ. ತೋಡು ಮುಚ್ಚುತ್ತೆ, ಹಡಿಲು ಬಿದ್ದಲ್ಲಿ ಕಳೆ ಏಳುತ್ತೆ, ಇಲಿ, ಹಂದಿ ಅಲ್ಲೇ ಅಡಗಿ ನಿಮ್ಮ ತೆನೆಗೆ ಬರುತ್ವೆ. ಉಳಿದವನೂ ಎರಡು ಮಳೆಗಾಲ ನೋಡಿ ಕೈ ಬಿಡ್ತಾನೆ. ನಾಟಿ ಯಂತ್ರದ ಕಥೆಯೂ ಅಷ್ಟೇ. ನಾಲ್ಕೈದು ಎಕರೆ ಒಟ್ಟಿಗೆ ಸಿಕ್ಕಿದರೆ ಬಾಡಿಗೆ ಗಿಟ್ಟುತ್ತೆ, ಹರಕು ತುಂಡಿಗೆ ಯಾರೂ ಬರಲ್ಲ.

ಹಾಗಾದರೆ ಅವರ ಗದ್ದೆ ನಾವೇ ಮಾಡುವ ಅಂದರೆ ಗಂಟು ಇರೋದು ಅಲ್ಲೇ. 1974ರಲ್ಲಿ ಉಳುವವನೇ ಒಡೆಯನಾದ. ಆ ಕಾನೂನಿಂದ ಭೂಮಿ ಕಂಡ ಮನೆಗಳು ನಮ್ಮಲ್ಲಿ ಎಷ್ಟೋ ಇವೆ, ಅದನ್ನ ಬೈಯೋಕೆ ನನಗೆ ಬಾಯಿ ಬರಲ್ಲ. ಆದರೆ ಅದೇ ಕಾನೂನು ಸೈನಿಕರು, ನಾವಿಕರಂಥ ಕೆಲವರನ್ನ ಬಿಟ್ಟು ಉಳಿದವರಿಗೆ ಗೇಣಿ ಕೊಡೋದನ್ನ ನಿಷೇಧಿಸಿತು. 'ಒಮ್ಮೆ ಕೊಟ್ರೆ ಹೋಯ್ತು' ಅನ್ನೋ ಹೆದರಿಕೆ ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂತವರಿಗೆ ಇವತ್ತಿಗೂ ಇದೆ. ಬಾಯಿಮಾತಿನ ಗೇಣಿಯಲ್ಲಿ ನಿಮಗೂ ಭದ್ರತೆಯಿಲ್ಲ. ಪಹಣಿ ಅವರ ಹೆಸರಲ್ಲಿರುತ್ತೆ, ಬೆಳೆ ಸಾಲ ಕೇಳೋಕೆ ಹೋದರೆ ನಿಮ್ಮ ಕೈಯಲ್ಲಿ ಕಾಗದವಿಲ್ಲ.

ಗೇಣಿ ಮಾತು ಬಿಟ್ಟು ಕೂಲಿ ಲೆಕ್ಕದ ಮಾತಾಡಿ ಅಂತೀನಿ. ಬೇಸಾಯ ಅವರದ್ದೇ, ಬೆಳೆಯೂ ಅವರದ್ದೇ. ಉಳುಮೆ, ಚಾಪೆ ನೇಜಿ, ನಾಟಿ, ಕಟಾವಿಗೆ ಎಕರೆಗೆ ಇಂತಿಷ್ಟು ಅಂತ ನೀವು ದುಡ್ಡು ತಗೊಳ್ಳಿ. ತಮ್ಮ ಗದ್ದೆಯ ಕೆಂಪಕ್ಕಿ ಬೆಂಗಳೂರಿಗೆ ಬರುತ್ತೆ ಅಂದರೆ ಖರ್ಚು ಹಾಕೋರು ಇದ್ದಾರೆ. ಕಾಗದ ಬರೆಯುವ ಮುಂಚೆ ಮಾತ್ರ ವಕೀಲರಿಗೆ ಒಮ್ಮೆ ತೋರಿಸಿ.

ಮಾತಿಗೆ ಕೋಟೇಶ್ವರದ ಕೊಡಿ ಹಬ್ಬದ ಸಮಯ ಒಳ್ಳೇದು. ಊರು ಬಿಟ್ಟವರೂ ಬಂದಿರ್ತಾರೆ, ಕಾರ್ತಿ ಬೆಳೆ ಕೊಯ್ಲಾಗಿರುತ್ತೆ, ಹಡಿಲು ಗದ್ದೆ ಕಣ್ಣಿಗೆ ಹೊಡೆಯುತ್ತೆ. ಒಬ್ಬೊಬ್ಬರನ್ನೇ ಕೇಳಬೇಡಿ, ಇಡೀ ಬೈಲಿನವರ ವಾಟ್ಸಾಪ್ ಗುಂಪು ಮಾಡಿ. ಬೇಸಿಗೆಯಲ್ಲಿ ಮೊದಲು ತೋಡಿನ ಹೂಳು ತೆಗೆಸಿ, ಆ ಖರ್ಚು ಎಲ್ಲರಿಗೂ ಹಂಚಿ. ಬೀಜಕ್ಕೆ ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮೊದಲೇ ಕೇಳಿಡಿ. ಸಾಧಾರಣ ಬೈಲಿಗೆ ಎಂ.ಓ.4 ಸಾಕು. ನೆರೆ ನಿಲ್ಲುವ ತಗ್ಗಿಗೆ ಅವರದ್ದೇ ಸಹ್ಯಾದ್ರಿ ಪಂಚಮುಖಿ ಇದೆ.