ನಿಯಮ ಕಾಯುವ ತಂತ್ರಾಂಶ

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಬೆಳೆಗಾರರಿಗೆ ಬ್ಯಾಂಕಿನ ಸಾಲಕ್ಕಾಗಲಿ ಬೆಳೆ ಪರಿಹಾರಕ್ಕಾಗಲಿ ಮೊದಲು ಬೇಕಾಗುವುದು ಹೊಲದ ಉತಾರ (ಪಹಣಿ). ಕೈಬರಹದಲ್ಲಿದ್ದ ಇಂಥ ಸುಮಾರು 2 ಕೋಟಿ ದಾಖಲೆಗಳನ್ನು ಕರ್ನಾಟಕದ ‘ಭೂಮಿ’ ಯೋಜನೆ 2000ದ ಆಸುಪಾಸಿನಲ್ಲಿ ಕಂಪ್ಯೂಟರಿಗೆ ತಂದಿತು. ಅದರ ದೊಡ್ಡ ಜಾಣ್ಮೆ ಇದ್ದದ್ದು ಸರದಿಯ ನಿಯಮದಲ್ಲಿ. ಖಾತೆ ಬದಲಾವಣೆಗೆ ಮೊದಲು ಬಂದ ಅರ್ಜಿ ಮೊದಲು ಇತ್ಯರ್ಥವಾಗಬೇಕೆಂಬುದು ಬರೀ ಸುತ್ತೋಲೆಯಾಗಿ ಉಳಿಯದೆ ತಂತ್ರಾಂಶದೊಳಗೇ ಸೇರಿತು. ಸರದಿ ಮುರಿಯಲು ಸಿಬ್ಬಂದಿಗೆ ಪರದೆಯ ಮೇಲೆ ದಾರಿಯೇ ಇರಲಿಲ್ಲ. ಒಳಹೋಗಲು ಬೆರಳಚ್ಚು ಕೊಡಬೇಕಿತ್ತು.

ಇಂದಿನ ಕ್ಲೌಡ್ ಲೋಕ ‘ಪಾಲಿಸಿ ಆ್ಯಸ್ ಕೋಡ್’ ಎಂದು ಕರೆಯುವುದು ನಿಯಮವನ್ನು ತಂತ್ರಾಂಶದೊಳಗೇ ಸೇರಿಸುವ ಈ ಕ್ರಮವನ್ನೇ.

ಮೊದಲು ಒಂದು ಅಪ್ಲಿಕೇಶನ್ ಎಂದರೆ ಒಂದು ದೊಡ್ಡ ಸರ್ವರ್‌ನಲ್ಲಿ ಕೂತ ಒಂದೇ ತಂತ್ರಾಂಶ. ಈಗ ಅದು ಹತ್ತಾರು ಪುಟ್ಟ ಸೇವೆಗಳಾಗಿ ಒಡೆದು, ಒಂದೊಂದೂ ತನ್ನದೇ ಪೊಟ್ಟಣದಂಥ ‘ಕಂಟೇನರ್’ನಲ್ಲಿ ಓಡುತ್ತದೆ. ಎಷ್ಟು ಕಂಟೇನರ್, ಯಾವ ಯಂತ್ರದಲ್ಲಿ ಎಂದು ನೋಡಿಕೊಳ್ಳುವುದು ಗೂಗಲ್ 2014ರಲ್ಲಿ ಮುಕ್ತವಾಗಿ ಬಿಟ್ಟ ಕುಬರ್ನೆಟೀಸ್. ಕ್ಷಣಕ್ಷಣವೂ ಹುಟ್ಟಿ ಅಳಿಯುವ ಇವನ್ನು ತಿಂಗಳಿಗೊಮ್ಮೆ ಪಟ್ಟಿ ಹಿಡಿದು ತಪಾಸಣೆ ಮಾಡಲು ಯಾವ ಅಧಿಕಾರಿಗೂ ಆಗದು. ಹಾಗಾಗಿ ಪ್ರತಿ ಹೊಸ ಕೋರಿಕೆಯೂ ಒಳಬರುವಾಗಲೇ ಓಪನ್ ಪಾಲಿಸಿ ಏಜೆಂಟ್ ಅಥವಾ ಕಿವೆರ್ನೊದಂಥ ತಂತ್ರಾಂಶ ಅದನ್ನು ಪ್ರಶ್ನಿಸುತ್ತದೆ: ಈ ಕಂಟೇನರ್ ಇಡೀ ಯಂತ್ರದ ಮೇಲಿನ ಅಧಿಕಾರ ಕೇಳುತ್ತಿದೆಯೇ? ಇದರ ಮೂಲ ನಂಬಬಹುದಾದದ್ದೇ, ಸಹಿ ಇದೆಯೇ? ಉತ್ತರ ನಿಯಮಕ್ಕೆ ಹೊಂದದಿದ್ದರೆ ಕಾರಣ ಹೇಳಿ ಅಲ್ಲೇ ತಡೆಯುತ್ತದೆ.

ಕಾವಲಿಲ್ಲದಿದ್ದರೆ ಏನಾಗುತ್ತದೆ? 2018ರಲ್ಲಿ ಟೆಸ್ಲಾ ಕಂಪನಿಯ ಕುಬರ್ನೆಟೀಸ್ ನಿಯಂತ್ರಣ ಫಲಕಕ್ಕೆ ಪಾಸ್‌ವರ್ಡೇ ಇರದೆ, ಹೊರಗಿನವರು ನುಗ್ಗಿ ಕಂಪನಿಯ ಯಂತ್ರಗಳಲ್ಲೇ ಕ್ರಿಪ್ಟೋ ನಾಣ್ಯ ಗಳಿಸಿಕೊಂಡರು. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನಿಂದ ಸುಮಾರು 10 ಕೋಟಿ ಅಮೆರಿಕನ್ನರ ಮಾಹಿತಿ ಸೋರಿತು. ತಪ್ಪಾಗಿ ಹೊಂದಿಸಿದ ಫೈರ್‌ವಾಲ್, ಅಗತ್ಯಕ್ಕಿಂತ ಹೆಚ್ಚು ಕೊಟ್ಟ ಅಧಿಕಾರ ಎರಡೂ ಅದಕ್ಕೆ ಕಾರಣ.

ಕಾನೂನೆಲ್ಲ ಹೀಗೆ ಕೋಡ್ ಆಗದು. ಭಾರತದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನದಂತೆ ಲಾಗ್‌ಗಳನ್ನು (ವ್ಯವಸ್ಥೆಯ ಚಟುವಟಿಕೆಯ ದಾಖಲೆ) 180 ದಿನ ಇಟ್ಟುಕೊಳ್ಳಬೇಕು. ಇದನ್ನು ಯಂತ್ರವೇ ನೋಡಿಕೊಂಡೀತು. ಆದರೆ ಸೈಬರ್ ದಾಳಿ ಗೊತ್ತಾದ 6 ಗಂಟೆಯೊಳಗೆ ವರದಿ ಕೊಡಲು ಎಚ್ಚರವಿರುವ ಮನುಷ್ಯರೇ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕೇಳುವ ‘ಸಮಂಜಸ’ ಭದ್ರತೆ ಎಷ್ಟೆಂದು ತೀರ್ಮಾನಿಸುವವರೂ ಮನುಷ್ಯರೇ. ಅದರಲ್ಲಿ ತಪ್ಪಿದರೆ ದಂಡ 250 ಕೋಟಿ ರೂಪಾಯಿವರೆಗೆ. ‘ಭೂಮಿ’ ತಂತ್ರಾಂಶವೂ ಸರದಿ ಕಾಯಬಲ್ಲದು, ಖರೀದಿಪತ್ರದ ಹಿಂದಿನ ಮೋಸವನ್ನು ಹಿಡಿಯಲಾರದು.

ನಿಯಮವೇ ತಪ್ಪಾಗಿದ್ದರೆ ಸರಿಯಾದ ಸೇವೆಗಳೂ ಒಮ್ಮೆಲೇ ನಿಂತುಹೋಗುತ್ತವೆ. ಅದಕ್ಕೇ ಬಲ್ಲವರು ಹೊಸ ನಿಯಮವನ್ನು ಕೆಲವು ದಿನ ಎಚ್ಚರಿಕೆ ಮಾತ್ರ ಕೊಡುವಂತೆ ಓಡಿಸಿ, ಆಮೇಲೆ ತಡೆಯುವ ಅಧಿಕಾರ ಕೊಡುತ್ತಾರೆ.

ರೈತರ ಆಧಾರ್, ಜಮೀನು, ಬ್ಯಾಂಕ್ ಖಾತೆಗಳನ್ನು ಒಂದೇ ಗುರುತಿನ ಸಂಖ್ಯೆಗೆ ಜೋಡಿಸುವ ‘ಫ್ರೂಟ್ಸ್’ನಂಥ ವ್ಯವಸ್ಥೆಗಳಿಗೆ ಈ ಶಿಸ್ತು ತೀರಾ ಅಗತ್ಯ. ಮೇಲೆ ಹೇಳಿದ ಎರಡೂ ಕಾವಲು ತಂತ್ರಾಂಶಗಳು ಮುಕ್ತವಾಗಿ, ಹಣವಿಲ್ಲದೆ ಸಿಗುತ್ತವೆ. ವಿಜಯಪುರದ ಎಂಜಿನಿಯರಿಂಗ್ ವಿದ್ಯಾರ್ಥಿಗಳೇ, ನಿಮ್ಮ ಲ್ಯಾಪ್‌ಟಾಪಿನಲ್ಲೇ ಅವನ್ನು ಹಾಕಿಕೊಂಡು ಒಂದು ನಿಯಮ ಬರೆದು ನೋಡಿ.