ತೊಗರಿ ತೂಗಿದಂಗ ಡೇಟಾನೂ ತೂಗಿ ತಗೊಳ್ರಿ

ಶಹಾಪುರದ ಬಸ್ ಸ್ಟ್ಯಾಂಡ್ ಹತ್ತಿರದ ಯಾವುದಾದರೂ ಮೊಬೈಲ್ ಅಂಗಡಿ ಮುಂದೆ ಐದು ನಿಮಿಷ ನಿಂತು ನೋಡಿ. "ಎಷ್ಟರದು ಹಾಕ್ಲಿ ಅಕ್ಕಾರ?" ಅಂತ ಹುಡುಗ ಕೇಳುತ್ತಾನೆ. "ಹೋದ ಸಲ ಹಾಕಿದ್ದೆಲ್ಲಪ್ಪಾ, ಅದನ್ನ ಹಾಕು" ಅಂತ ನಾವು ಹೇಳುತ್ತೇವೆ. ದುಡ್ಡು ಕೊಟ್ಟು, ಟಣ್ ಅಂತ ಮೆಸೇಜ್ ಬಂತೆಂದರೆ ಕೆಲಸ ಮುಗಿಯಿತು.

ತೊಗರಿಬೇಳೆ ಕೊಳ್ಳುವಾಗ ನಾವು ಹೀಗೆ ಮಾಡುತ್ತೇವೆಯೇ? ಅಂಗೈ ಮೇಲೆ ಹಾಕಿಕೊಂಡು ಉಜ್ಜಿ ನೋಡುತ್ತೇವೆ. ಕೆ.ಜಿ.ಗೆ ಎಷ್ಟು ಅಂತ ಕೇಳುತ್ತೇವೆ. ಪಕ್ಕದ ಅಂಗಡಿಯಲ್ಲಿ ಎರಡು ರೂಪಾಯಿ ಕಡಿಮೆ ಇದ್ದರೆ ಚೀಲ ಎತ್ತಿಕೊಂಡು ಅಲ್ಲಿಗೇ ನಡೆಯುತ್ತೇವೆ. ಆದರೆ ಮನೆಯಲ್ಲಿ ನಾಲ್ಕು ಮೊಬೈಲ್ ಇದ್ದು, ವರ್ಷಕ್ಕೆ ಹದಿಮೂರು ಹದಿನಾಲ್ಕು ಸಾವಿರ ರೂಪಾಯಿ ರೀಚಾರ್ಜಿಗೇ ಹೋಗುತ್ತಿದ್ದರೂ ಅದರ ಲೆಕ್ಕ ಮಾತ್ರ ಕೇಳುವುದಿಲ್ಲ.

ನಾನೂ ಕೇಳಿರಲಿಲ್ಲ ಬಿಡಿ. ನನಗೆ ಬುದ್ಧಿ ಬಂದದ್ದು ನಮ್ಮ ಅವ್ವನಿಂದ.

ಅವ್ವ ಇರುವುದು ಸುರಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಒಬ್ಬಳೇ. ಕೀಪ್ಯಾಡ್ ಫೋನು. ಹಸಿರು ಗುಂಡಿ ಒತ್ತಿದರೆ ಮಾತು, ಕೆಂಪು ಗುಂಡಿ ಒತ್ತಿದರೆ ಬಂದ್, ಅಷ್ಟೇ ಅವಳಿಗೆ ಗೊತ್ತು. ಯಾದಗಿರಿಯಲ್ಲಿ ಕುಳಿತು ರೀಚಾರ್ಜ್ ಮಾಡಿಸುವ ಕೆಲಸ ನನ್ನದು. ಹೋದ ಬೇಸಿಗೆಯಲ್ಲಿ ಎರಡು ದಿನ ಅವಳ ಫೋನ್ ಬರಲಿಲ್ಲ. ಆರಾಮ ಇರಬೇಕು, ನಾಳೆ ಮಾಡಿದರಾಯಿತು ಅಂತ ನಾನೂ ಸುಮ್ಮನಾದೆ. ಮೂರನೆಯ ದಿನ ಪಕ್ಕದ ಮನೆಯ ಹುಡುಗ ಫೋನ್ ಹಚ್ಚಿದ. "ಅಕ್ಕಾ, ನಿಮ್ಮವ್ವ ಬಚ್ಚಲದಾಗ ಜಾರಿ ಬಿದ್ದಾಳ. ಕಾಲು ಬಾತದ. ನಿಮಗ ಹಚ್ಚೀನಿ, ಹಚ್ಚೀನಿ, ಹತ್ತವಲ್ದು ಅಂತಾಳ."

ಹತ್ತುವುದು ಹೇಗೆ? ಅವಳ ಪ್ಯಾಕ್ ಮುಗಿದು ಹೊರಹೋಗುವ ಕರೆ ಬಂದ್ ಆಗಿತ್ತು. ತಿಂಗಳು ತುಂಬಲು ಇನ್ನೂ ಮೂರು ದಿನ ಇದೆ ಅಂತ ನಾನು ಲೆಕ್ಕ ಹಾಕಿದ್ದೆ. ಪ್ಯಾಕಿನ ತಿಂಗಳು 28 ದಿನಕ್ಕೇ ಮುಗಿದಿತ್ತು! ಇನ್ನೊಂದು ಸಂಗತಿ ಗೊತ್ತಾದಾಗ ಹೊಟ್ಟೆ ಚುರ್ ಅಂದಿತು. ಅವ್ವನ ಆ ಫೋನಿಗೆ ನಾನು ಹಾಕಿಸುತ್ತಿದ್ದದ್ದು ದಿನಕ್ಕೆ ಒಂದೂವರೆ ಜಿಬಿ ಡೇಟಾದ ಪ್ಯಾಕ್. ಇಂಟರ್ನೆಟ್ಟೇ ಮುಟ್ಟದ ಜೀವಕ್ಕೆ ದಿನಾ ಒಂದೂವರೆ ಜಿಬಿ. ಬೇಡದ್ದಕ್ಕೆ ದುಡ್ಡು ಸುರಿದಿದ್ದೆ, ಬೇಕಾದಾಗ ಫೋನ್ ಕೈಕೊಟ್ಟಿತ್ತು. ಅವ್ವನ ಕಾಲು ವಾಸಿಯಾಯಿತು. ನಾನು ಮಾತ್ರ ಅಂದಿನಿಂದ ಪೆನ್ನು ಹಾಳೆ ಹಿಡಿದು ಕೂತೆ. ಆ ಲೆಕ್ಕವೇ ಇಲ್ಲಿದೆ.

ದಿನಕ್ಕೆ ಎಷ್ಟು ಬಿತ್ತು?

ಪ್ಯಾಕಿನ ಮೇಲಿರುವ ದೊಡ್ಡ ಅಂಕಿ ನೋಡಿ ಮೋಸ ಹೋಗಬೇಡಿ. ಬೆಲೆಯನ್ನು ದಿನಗಳಿಂದ ಭಾಗಿಸಿ. ಒಂದು ದಿನಕ್ಕೆ ಬೀಳುವ ಖರ್ಚೇ ಅದರ ನಿಜವಾದ ರೇಟು.

2024ರ ಜುಲೈ ಮೊದಲ ವಾರದಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದ್ದು ನೆನಪಿರಬೇಕು. ಆಗಿನ ಪಟ್ಟಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ದಿನಕ್ಕೆ 1.5 ಜಿಬಿ ಕೊಡುವ ಜಿಯೊ ಪ್ಯಾಕ್ 28 ದಿನಕ್ಕೆ 299 ರೂಪಾಯಿ ಇತ್ತು. ಅಂದರೆ ದಿನಕ್ಕೆ 10 ರೂಪಾಯಿ 68 ಪೈಸೆ. ಅಷ್ಟೇ ಡೇಟಾದ 84 ದಿನದ ಪ್ಯಾಕ್ 799 ರೂಪಾಯಿ. ದಿನಕ್ಕೆ 9 ರೂಪಾಯಿ 51 ಪೈಸೆ. ಏರ್‌ಟೆಲ್‌ನಲ್ಲಿ ಅದೇ 1.5 ಜಿಬಿಗೆ 28 ದಿನಕ್ಕೆ 349, 84 ದಿನಕ್ಕೆ 859. ದಿನದ ಲೆಕ್ಕದಲ್ಲಿ 12 ರೂಪಾಯಿ 46 ಪೈಸೆ ಮತ್ತು 10 ರೂಪಾಯಿ 23 ಪೈಸೆ.

"ಒಂದು ರೂಪಾಯಿಗೆ ಏನ್ ಬರ್ತದರಿ?" ಅಂತೀರಾ? 28 ದಿನದ 12 ಪ್ಯಾಕ್ ಹಾಕಿಸಿದರೂ 336 ದಿನ, 84 ದಿನದ 4 ಪ್ಯಾಕ್ ಹಾಕಿಸಿದರೂ 336 ದಿನ. 299ರಂತೆ ಹನ್ನೆರಡು ಸಲಕ್ಕೆ 3,588 ರೂಪಾಯಿ. 799ರಂತೆ ನಾಲ್ಕು ಸಲಕ್ಕೆ 3,196. ಒಂದೇ ಫೋನಿನಲ್ಲಿ 392 ರೂಪಾಯಿ ಉಳಿಯಿತು!

ಈ ದರಗಳು ಆಗಾಗ ಬದಲಾಗುತ್ತವೆ. ನೀವು ಹಾಕಿಸುವ ದಿನದ ರೇಟು ಕೇಳಿಕೊಂಡು ಇದೇ ಲೆಕ್ಕ ಹಾಕಿ. ಭಾಗಾಕಾರ ಬದಲಾಗುವುದಿಲ್ಲ.

ಅವರ ತಿಂಗಳು 28 ದಿನ

28 ದಿನದ ಪ್ಯಾಕ್ ಅಂದರೆ ವರ್ಷಕ್ಕೆ 12 ಅಲ್ಲ, 13 ರೀಚಾರ್ಜ್. ಈ ತಿಂಗಳು 10ನೇ ತಾರೀಖು ಹಾಕಿಸಿದ್ದು ಮುಂದಿನ ತಿಂಗಳು 7ಕ್ಕೋ 8ಕ್ಕೋ ಬಂದು ನಿಲ್ಲುತ್ತದೆ. ಹೀಗೆ ಹಿಂದೆ ಹಿಂದೆ ಸರಿಯುತ್ತಾ ಪಗಾರ ಆಗುವ ಮುಂಚಿನ ಬಿಗಿ ದಿನಗಳಿಗೇ ಬಂದು ಕೂರುತ್ತದೆ. ನಾನು ಎಡವಿದ್ದೂ ಇಲ್ಲೇ.

2022ರ ಜನವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಒಂದು ಆದೇಶ ಮಾಡಿತು. ಪ್ರತಿ ಕಂಪನಿಯೂ 30 ದಿನದ ಪ್ಯಾಕ್ ಒಂದನ್ನಾದರೂ, ಪ್ರತಿ ತಿಂಗಳು ಅದೇ ತಾರೀಖಿಗೆ ಹಾಕಿಸುವ ಪ್ಯಾಕ್ ಒಂದನ್ನಾದರೂ ಇಡಲೇಬೇಕು ಅಂತ. ಅಂಗಡಿಯವರು ತಾವಾಗಿ ಹೇಳದಿದ್ದರೆ ನೀವೇ ಕೇಳಿ.

ನಮ್ಮ ಕಡೆಯ ಒಕ್ಕಲುತನದ ಮನೆಗಳಿಗೆ ಇನ್ನೊಂದು ದಾರಿ ಇದೆ. ತಿಂಗಳ ಪಗಾರ ಇಲ್ಲದವರಿಗೆ ದುಡ್ಡು ಬರುವುದು ರಾಶಿಯಾದ ಮೇಲೆಯೇ. ತೊಗರಿ, ಹತ್ತಿ ಮಾರಿದ ದುಡ್ಡು ಕೈಗೆ ಬಂದಾಗ ಹಿರಿಯರ ಫೋನಿಗೆ ವರ್ಷದ ಪ್ಯಾಕ್ ಹಾಕಿಸಿಬಿಟ್ಟರೆ ಮುಂದಿನ ರಾಶಿಯವರೆಗೆ ನಿಶ್ಚಿಂತೆ. ಸಾಲ ತಂದು ಮಾತ್ರ ವರ್ಷದ ಪ್ಯಾಕ್ ಹಾಕಿಸಬೇಡಿ. ಬಡ್ಡಿ ಕಟ್ಟಿದರೆ ಉಳಿತಾಯ ಎಲ್ಲಿ ಬಂತು?

ಯಾರಿಗೆ ಎಷ್ಟು ಬೇಕು?

ಮನೆಯಲ್ಲಿ ಎಲ್ಲರಿಗೂ ಒಂದೇ ಅಳತೆ ರೊಟ್ಟಿ ಬಡಿಸುತ್ತೇವೆಯೇ? ಹೊಲಕ್ಕೆ ಹೋಗುವವರಿಗೆ ನಾಲ್ಕು, ಅಜ್ಜಿಗೆ ಒಂದು. ಡೇಟಾನೂ ಹಾಗೇ.

ಮೊದಲು ನಿಮ್ಮ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ 'ಡೇಟಾ ಯೂಸೇಜ್' ನೋಡಿ. ಹೋದ ತಿಂಗಳು ಎಷ್ಟು ಜಿಬಿ ಖರ್ಚಾಗಿದೆ ಎಂದು ಅಲ್ಲಿ ಇರುತ್ತದೆ. ಬರುವುದಿಲ್ಲವೆಂದರೆ ಮಗ ಅಥವಾ ಮಗಳ ಕೈಗೆ ಕೊಡಿ, ಅರ್ಧ ನಿಮಿಷದ ಕೆಲಸ.

ಅಂದಾಜಿಗೆ ಹೇಳುವುದಾದರೆ, ಬರೀ ಅಕ್ಷರದ ವಾಟ್ಸ್ಆ್ಯಪ್ ಸಂದೇಶಕ್ಕೆ ಡೇಟಾ ಹೋಗುವುದೇ ಗೊತ್ತಾಗುವುದಿಲ್ಲ. ಬೆಂಗಳೂರಿಗೋ ಪುಣೆಗೋ ದುಡಿಯಲು ಹೋದವರ ಜೊತೆ ಒಂದು ಗಂಟೆ ವಿಡಿಯೊ ಕಾಲ್ ಮಾಡಿದರೆ ಸುಮಾರು 300 ಎಂಬಿ. ಯೂಟ್ಯೂಬಿನಲ್ಲಿ ಅಡುಗೆ ವಿಡಿಯೊ 360 ಗುಣಮಟ್ಟದಲ್ಲಿ ಒಂದು ಗಂಟೆ ನೋಡಿದರೆ ಹೆಚ್ಚೂ ಕಡಿಮೆ ಅಷ್ಟೇ. ಅದನ್ನೇ 720ಕ್ಕೆ ಇಟ್ಟರೆ 1 ಜಿಬಿ ಆಸುಪಾಸು. ಒಗ್ಗರಣೆ ಸಿಡಿಯುವುದು 360ರಲ್ಲೂ ಚೆನ್ನಾಗಿಯೇ ಕಾಣುತ್ತದೆ!

ದಿನಕ್ಕೆ 1.5 ಜಿಬಿ ಅಂದರೆ 28 ದಿನಕ್ಕೆ 42 ಜಿಬಿ. ನೀವು ದಿನಕ್ಕೆ ಅರ್ಧ ಜಿಬಿ ಬಳಸುವವರಾದರೆ 14 ಜಿಬಿ ಸಾಕು. ಉಳಿದ 28 ಜಿಬಿ ರಾತ್ರಿ ಹನ್ನೆರಡಕ್ಕೆ ದಿನದಿನವೂ ಚೆಲ್ಲಿ ಹೋದ ಹಾಲು. ಇಂಥವರು ದಿನದ ಮಿತಿ ಇಲ್ಲದೆ ಒಟ್ಟು ಇಷ್ಟು ಜಿಬಿ ಎಂದು ಕೊಡುವ ಪ್ಯಾಕುಗಳನ್ನೂ ವಿಚಾರಿಸಬೇಕು. ದಿನದ ಡೇಟಾ ಸಂಜೆಗೇ ಮುಗಿದು, ವೇಗ 64 ಕೆಬಿಪಿಎಸ್‌ಗೆ ಇಳಿದು, ತಿಂಗಳಿಗೆ ನಾಲ್ಕೈದು ಸಲ ಮೇಲಿನಿಂದ ಸಣ್ಣ ಡೇಟಾ ಪ್ಯಾಕ್ ಹಾಕಿಸುವ ಕಾಲೇಜು ಮಕ್ಕಳಿದ್ದರೆ ಅವರಿಗೆ ದೊಡ್ಡ ಪ್ಯಾಕೇ ಅಗ್ಗ.

ಮಾತಿಗಷ್ಟೇ ಪ್ಯಾಕ್ ಇದೆ, ಗೊತ್ತೇ?

ನಮ್ಮ ಅವ್ವನಂಥವರಿಗಾಗಿಯೇ 2024ರ ಡಿಸೆಂಬರಿನಲ್ಲಿ ಟ್ರಾಯ್ ಒಂದು ನಿಯಮ ತಂದಿತು. ಡೇಟಾ ಇಲ್ಲದೆ ಬರೀ ಕರೆ ಮತ್ತು ಎಸ್‌ಎಂಎಸ್ ಇರುವ ಪ್ಯಾಕನ್ನು ಕಂಪನಿಗಳು ಕೊಡಲೇಬೇಕು, ಅಂಥ ವಿಶೇಷ ಪ್ಯಾಕಿನ ಅವಧಿ 365 ದಿನದವರೆಗೂ ಇರಬಹುದು ಎಂದಿತು. ಅದರಂತೆ 2025ರ ಜನವರಿಯಲ್ಲಿ ಬಂದ ಪ್ಯಾಕುಗಳಲ್ಲಿ 84 ದಿನಕ್ಕೆ ಜಿಯೊ 448 ರೂಪಾಯಿ, ಏರ್‌ಟೆಲ್ 469 ರೂಪಾಯಿ ಇಟ್ಟವು. ಏರ್‌ಟೆಲ್‌ನ 365 ದಿನದ್ದು 1,849 ರೂಪಾಯಿ. ದಿನಕ್ಕೆ ಐದು ರೂಪಾಯಿ ಚಿಲ್ಲರೆ!

ಬ್ಯಾಂಕಿನ ಓಟಿಪಿ, ಗೃಹಲಕ್ಷ್ಮಿ ದುಡ್ಡು ಜಮಾ ಆದ ಮೆಸೇಜ್ ಎಲ್ಲ ಎಸ್‌ಎಂಎಸ್‌ನಲ್ಲೇ ಬರುವುದರಿಂದ ಡೇಟಾ ಇಲ್ಲದಿದ್ದರೂ ತೊಂದರೆಯಿಲ್ಲ. ಅಂಗಡಿಯಲ್ಲಿ "ನೆಟ್ ಬ್ಯಾಡಪ್ಪಾ, ಮಾತಿಗಷ್ಟ ಇರೋದು ಹಾಕು" ಅಂತ ಬಾಯಿ ಬಿಟ್ಟು ಕೇಳಿ.

ನಾಲ್ಕು ಫೋನಿನ ಮನೆ ಲೆಕ್ಕ

ಗಂಡ, ಹೆಂಡತಿ, ಪಿಯು ಓದುವ ಮಗ, ಅತ್ತೆ. ನಾಲ್ವರಿಗೂ 299ರ ಪ್ಯಾಕ್. 336 ದಿನಕ್ಕೆ ಒಟ್ಟು 14,352 ರೂಪಾಯಿ. ಈಗ ಅತ್ತೆಗೆ 448ರ ಮಾತಿನ ಪ್ಯಾಕ್, ಉಳಿದ ಮೂವರಿಗೆ 799ರ ಪ್ಯಾಕ್ ಹಾಕಿ ನೋಡಿ. ಅತ್ತೆಯದು 1,792, ಮೂವರದು 9,588, ಒಟ್ಟು 11,380. ಯಾರ ಮಾತೂ ಕಡಿಮೆಯಾಗಲಿಲ್ಲ, ಯಾರ ವಿಡಿಯೊನೂ ನಿಲ್ಲಲಿಲ್ಲ, 2,972 ರೂಪಾಯಿ ಉಳಿಯಿತು. ಒಟ್ಟಿಗೆ ದುಡ್ಡು ಹೊಂದಿಸುವುದು ಕಷ್ಟವಾದರೆ ಮೂರು ಫೋನನ್ನೂ ಒಂದೇ ತಿಂಗಳು ಹಾಕಿಸದೆ, ಒಂದೊಂದು ತಿಂಗಳಿಗೆ ಒಂದೊಂದು ಮಾಡಿಕೊಳ್ಳಿ. ಚೀಟಿ ಕಟ್ಟಿ ರೂಢಿಯಿದ್ದವರಿಗೆ ಇದೇನು ಹೊಸದಲ್ಲ.

ಅಗ್ಗವೆಂದು ಓಡಬೇಡಿ, ಸಿಗ್ನಲ್ ನೋಡಿ

ಅಗ್ಗದ ಪ್ಯಾಕ್ ಹಾಕಿಸಿ, ಮಾತಾಡಲು ಮಾಳಿಗೆ ಹತ್ತಬೇಕಾದರೆ ಏನು ಪ್ರಯೋಜನ? ನಮ್ಮ ಮೂರೂ ಊರು ಕಲ್ಲುಗುಡ್ಡದ ಊರುಗಳು. ಯಾದಗಿರಿಗೆ ಕೋಟೆಯ ಬೆಟ್ಟ, ಶಹಾಪುರಕ್ಕೆ ಮಲಗಿದ ಬುದ್ಧನ ಬೆಟ್ಟ, ಸುರಪುರವಂತೂ ಗುಡ್ಡದ ನಡುವೆಯೇ ಕುಳಿತಿದೆ. ಟವರಿಗೂ ಮನೆಗೂ ನಡುವೆ ಗುಡ್ಡ ಬಂದರೆ ಸಿಗ್ನಲ್ ಕುಂದುತ್ತದೆ. ದಪ್ಪ ಕಲ್ಲಿನ ಗೋಡೆಯ ಹಳೆಯ ಮನೆಯಾದರೆ ಇನ್ನೂ ಕುಂದುತ್ತದೆ. ಆದ್ದರಿಂದ ಕಂಪನಿ ಬದಲಿಸುವ ಮುಂಚೆ, ಆ ಸಿಮ್ ಇರುವ ಓರಗಿತ್ತಿಯನ್ನೋ ಗೆಳತಿಯನ್ನೋ ಚಹಾಕ್ಕೆ ಕರೆಯಿರಿ. ಅವರ ಫೋನಿನಲ್ಲಿ ನಿಮ್ಮ ಅಡುಗೆಮನೆಯಿಂದ, ಮಲಗುವ ಕೋಣೆಯಿಂದ ಒಂದೊಂದು ಕರೆ ಮಾಡಿ ನೋಡಿ. ಚಹಾನೂ ಆಯಿತು, ಪರೀಕ್ಷೆಯೂ ಆಯಿತು.

ನಂಬರ್ ಬದಲಾಗದೆ ಕಂಪನಿ ಬದಲಿಸುವ ಸೌಲಭ್ಯ 2011ರ ಜನವರಿ 20ರಿಂದ ದೇಶಕ್ಕೆಲ್ಲ ಇದೆ. PORT ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ನಿಮ್ಮ ನಂಬರ್ ಹಾಕಿ 1900ಕ್ಕೆ ಎಸ್‌ಎಂಎಸ್ ಮಾಡಿದರೆ ಎಂಟು ಅಕ್ಷರದ ಕೋಡ್ ಬರುತ್ತದೆ. ಅದು ನಾಲ್ಕು ದಿನ ಮಾತ್ರ ನಡೆಯುತ್ತದೆ. ಅದನ್ನೂ ಆಧಾರ್ ಕಾರ್ಡನ್ನೂ ಹಿಡಿದು ಹೊಸ ಕಂಪನಿಯ ಅಂಗಡಿಗೆ ಹೋಗಿ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಹಳೆಯ ಪ್ಯಾಕಿನಲ್ಲಿ ಉಳಿದ ದಿನ, ಬ್ಯಾಲೆನ್ಸ್ ಹೊಸ ಕಡೆಗೆ ಬರುವುದಿಲ್ಲ, ಹಾಗಾಗಿ ಪ್ಯಾಕ್ ಮುಗಿಯುವ ಹೊತ್ತಿಗೆ ಬದಲಿಸಿ. ಹಿರಿಯರ ಕೈಯಲ್ಲಿ ಹಳೆಯ 2ಜಿ ಕೀಪ್ಯಾಡ್ ಫೋನ್ ಇದ್ದರೆ ಅದರಲ್ಲಿ ಜಿಯೊ ಸಿಮ್ ನಡೆಯುವುದಿಲ್ಲ, ಇದೂ ಗೊತ್ತಿರಲಿ.

ಇವನ್ನು ಮರೆಯಬೇಡಿ

* ಅಡುಗೆಮನೆ ಕ್ಯಾಲೆಂಡರಿನಲ್ಲಿ ಹಾಲು, ಗ್ಯಾಸ್ ಬರೆದಂತೆ ಪ್ರತಿ ಫೋನಿನ ಪ್ಯಾಕ್ ಮುಗಿಯುವ ತಾರೀಖನ್ನೂ ಬರೆಯಿರಿ. ಹಿರಿಯರ ಫೋನಿಗೆ ಎರಡು ದಿನ ಮುಂಚೆಯೇ ಗುರುತು ಹಾಕಿ.
* ವಾಟ್ಸ್ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ಫೋಟೊ, ವಿಡಿಯೊ ತಾನಾಗಿಯೇ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ. ಬೆಳಗಿನ 'ಶುಭೋದಯ'ಗಳೇ ಎಷ್ಟೋ ಡೇಟಾ ತಿನ್ನುತ್ತವೆ.
* '5ಜಿ ಅನ್‌ಲಿಮಿಟೆಡ್' ಎಂದು ದುಬಾರಿ ಪ್ಯಾಕ್ ಹಾಕಿಸುವ ಮುನ್ನ ನಿಮ್ಮ ಫೋನ್ 5ಜಿ ಹೌದೋ, ನಿಮ್ಮ ಓಣಿಯಲ್ಲಿ 5ಜಿ ಸಿಗುತ್ತದೋ ನೋಡಿ.
* ಕೇಳದೆ ದುಡ್ಡು ಕಡಿತವಾದರೆ ಸುಮ್ಮನಿರಬೇಡಿ. ನಿಮ್ಮ ಕಂಪನಿಯ ದೂರಿನ ನಂಬರ್ 198ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.
* ಎಲ್ಲ ಕಂಪನಿಗಳ ದರಪಟ್ಟಿ ಟ್ರಾಯ್‌ನ ವೆಬ್‌ಸೈಟಿನಲ್ಲಿ ಒಂದೇ ಕಡೆ ಸಿಗುತ್ತದೆ. ಮಕ್ಕಳಿಗೆ ಹೇಳಿ ತೆಗೆಸಿ ನೋಡಿ.
* ಪ್ಯಾಕ್ ಮುಗಿದಿದ್ದರೂ ತುರ್ತು ನಂಬರ್ 112ಕ್ಕೆ ಕರೆ ಹೋಗುತ್ತದೆ. ಮನೆಯ ಹಿರಿಯರಿಗೆ ಈ ಮೂರು ಅಂಕಿ ಬಾಯಿಪಾಠ ಮಾಡಿಸಿ.

ಈಗ ಅವ್ವನ ಫೋನಿಗೆ ವರ್ಷದ ಮಾತಿನ ಪ್ಯಾಕ್ ಇದೆ. "ಅಲ್ಲವ್ವಾ, ವರ್ಷದ್ದು ಒಮ್ಮೆಲೆ ಯಾಕ್ ಹಾಕಿಸ್ದಿ? ರೊಕ್ಕ ದಂಡ" ಅಂತ ಮೊದಲ ದಿನ ಬೈದಳು. ಲೆಕ್ಕ ಹೇಳಿದೆ. ಸುಮ್ಮನೆ ಕೇಳಿಸಿಕೊಂಡಳು. ಈಗ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಫೋನ್ ಹಚ್ಚುತ್ತಾಳೆ. "ರೊಕ್ಕ ಕೊಟ್ಟೀವಲ್ಲ, ಮಾತಾಡೂಣು" ಅಂತಾಳೆ. ಪಕ್ಕದ ಮನೆಯ ಎಮ್ಮೆ ಕರು ಹಾಕಿದ್ದರಿಂದ ಹಿಡಿದು ಊರ ಜಾತ್ರೆವರೆಗೆ ಎಲ್ಲ ವರದಿ ಒಪ್ಪಿಸುತ್ತಾಳೆ. ನನ್ನ ಅನ್ನ ಒಮ್ಮೊಮ್ಮೆ ತಳ ಹಿಡಿಯುತ್ತದೆ. ಹಿಡಿಯಲಿ ಬಿಡಿ.