ಹೆಸರು ಬದಲಿಸುವ ಮುನ್ನ ಅಪ್ಪನ ಪಹಣಿ ನೆನಪಿರಲಿ

ಗುಂಡ್ಲುಪೇಟೆಯಲ್ಲಿರುವ ನಮ್ಮ ಪರಿಚಯದ ಗೃಹಿಣಿಯೊಬ್ಬರಿಗೆ ಮೊನ್ನೆ ರಾತ್ರಿ ಅಮೆರಿಕದಿಂದ ಮಗಳ ಫೋನ್. ಅಲ್ಲಿನ ಪೌರತ್ವಕ್ಕೆ ಅರ್ಜಿ ತುಂಬುತ್ತಾ ಕೂತಿದ್ದಳಂತೆ. "ಅಮ್ಮಾ, ಹೆಸರು ಬದಲಾಯಿಸ್ಕೋಬೇಕಾ ಅಂತ ಒಂದು ಕಾಲಂ ಇದೆ. ಏನ್ ಬರೀಲಿ?" ಅಮ್ಮ ಹಿಂದೆಮುಂದೆ ನೋಡಲಿಲ್ಲ. "ಗಂಡನ ಮನೆ ಹೆಸರೇ ಹಾಕ್ಬುಡು ಕಣವ್ವ, ಅದ್ರಲ್ಲಿ ಕೇಳೋದೇನಿದೆ?" ಪಕ್ಕದಲ್ಲಿ ಕೂತು ಟೀವಿ ನೋಡುತ್ತಿದ್ದ ಅಪ್ಪ ಮಾತ್ರ ತಲೆ ಎತ್ತಿದರು. "ಹಂಗಾದ್ರೆ ನಾಳೆ ಜಮೀನು ಪಾಲು ಮಾಡೋವಾಗ ಇವಳು ನನ್ನ ಮಗಳು ಅಂತ ಯಾರು ಒಪ್ತಾರೆ?"

ಅಪ್ಪನ ಈ ಪ್ರಶ್ನೆಯನ್ನು ನಗೆಯಾಡಿ ಬಿಡಬೇಡಿ. ಮಗಳು ವಿದೇಶದಲ್ಲಿದ್ದರೆ ನಿಮಗೂ ಇದು ಇವತ್ತಲ್ಲ ನಾಳೆ ಎದುರಾಗುವಂಥದ್ದೇ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಮದುವೆಯಾದ ಹೆಣ್ಣು ಗಂಡನ ಹೆಸರನ್ನೋ ಮನೆತನದ ಹೆಸರನ್ನೋ ಸೇರಿಸಿಕೊಳ್ಳಲೇಬೇಕು ಎಂದು ನಮ್ಮ ದೇಶದ ಯಾವ ಕಾನೂನೂ ಹೇಳುವುದಿಲ್ಲ. ಪಾಸ್‌ಪೋರ್ಟ್‌ಗೂ ತವರಿನ ಹೆಸರೇ ಸಾಕು. ಪ್ಯಾನ್ ಕಾರ್ಡಿನಲ್ಲಂತೂ ಮದುವೆಯಾದವರಿಗೂ ಅಚ್ಚಾಗಿ ಬರುವುದು ತಂದೆಯ ಹೆಸರು. ಅಮೆರಿಕದಲ್ಲೂ ಆ ಕಾಲಂ ಐಚ್ಛಿಕ, ಖಾಲಿ ಬಿಟ್ಟರೆ ಅರ್ಜಿಗೇನೂ ತೊಂದರೆಯಿಲ್ಲ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 1981ರಿಂದ ಹೆಂಡತಿ ಕಾಗದಪತ್ರಗಳಲ್ಲಿ ಹುಟ್ಟು ಹೆಸರನ್ನೇ ಉಳಿಸಿಕೊಳ್ಳಬೇಕೆಂಬ ನಿಯಮವಿದೆ. ಅಲ್ಲಿ ಕೂತು "ಗಂಡನ ಹೆಸರು ಹಾಕು" ಎಂದು ಅತ್ತೆ ಹಟ ಹಿಡಿದರೂ ನಡೆಯದು!

ಆದರೆ ನಮ್ಮ ಕಡೆಯ ತೊಡಕೇ ಬೇರೆ. ಚಾಮರಾಜನಗರ, ಗುಂಡ್ಲುಪೇಟೆ ಸುತ್ತಮುತ್ತ ಸರ್‌ನೇಮ್ ಎಂಬುದೇ ಕಡಿಮೆ. ಹೆಸರಿನ ಹಿಂದೆಯೋ ಮುಂದೆಯೋ ಒಂದೆರಡು ಇನಿಷಿಯಲ್, ಅಷ್ಟೇ. ಮದುವೆಗೆ ಮುಂಚೆ ಅಪ್ಪನ ಇನಿಷಿಯಲ್, ಆಮೇಲೆ ಗಂಡನದು. ಹೆಸರಾದರೂ ನೆಟ್ಟಗಿರುತ್ತದಾ? ಮಲೆ ಮಹದೇಶ್ವರನ ಒಕ್ಕಲು ಹೆಚ್ಚಿರುವ ಈ ಸೀಮೆಯಲ್ಲಿ ಮಹದೇವಮ್ಮ ಎಂಬ ಹೆಸರು ಮನೆಗೊಂದು. ಶಾಲೆಯ ಮೇಷ್ಟ್ರು ಮಹದೇವಮ್ಮ ಎಂದು ಬರೆದರೆ, ರೇಷನ್ ಕಾರ್ಡಿನಲ್ಲಿ ಮಾದೇವಮ್ಮ, ಬ್ಯಾಂಕಿನಲ್ಲಿ ಮಹಾದೇವಮ್ಮ. ಇಂಗ್ಲಿಷಿಗೆ ಹೋದರೆ ಕೇಳುವುದೇ ಬೇಡ, ಒಂದು ಅಕ್ಷರ ಹೆಚ್ಚು, ಒಂದು ಕಡಿಮೆ. ಇನ್ನು ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟವರಿಗೆ ಅಮೆರಿಕದ ವೀಸಾದಲ್ಲಿ ಹೆಸರಿನ ಜಾಗಕ್ಕೆ 'ಎಫ್‌ಎನ್‌ಯು' ಎಂದು ಬೀಳುತ್ತದೆ. ಅಂದರೆ, ಹೆಸರು ಗೊತ್ತಿಲ್ಲ ಎಂದರ್ಥ. ಅಪ್ಪ ಅಮ್ಮ ತೊಟ್ಟಿಲಿಗೆ ಹಾಕಿ ಇಟ್ಟ ಹೆಸರು ಸರ್‌ನೇಮ್ ಆಗಿಬಿಡುತ್ತದೆ! ಇಂಥವರಿಗೆ ಪೌರತ್ವದ ಅರ್ಜಿಯ ಆ ಕಾಲಂ ನಿಜಕ್ಕೂ ಉಪಕಾರಿ.

ಅಲ್ಲಿ ಹೆಸರು ಬದಲಿಸುವ ಕ್ರಮ ಹೀಗಿದೆ. ಮದುವೆಯಿಂದ ಬಂದ ಹೆಸರನ್ನು ಮದುವೆ ಪ್ರಮಾಣಪತ್ರದ ಆಧಾರದಲ್ಲಿ ಹಾಕಿಸಿಕೊಳ್ಳಬಹುದು. ಅದಲ್ಲದೆ ಬೇರೆ ಹೆಸರು ಬೇಕೆಂದರೆ ಪ್ರಮಾಣ ವಚನ ನ್ಯಾಯಾಲಯದ ಸಮಾರಂಭದಲ್ಲೇ ಆಗಬೇಕು, ನ್ಯಾಯಾಧೀಶರು ಒಪ್ಪಿಗೆ ಕೊಡುತ್ತಾರೆ. ಹಾಗಾಗಿ ಕೆಲವು ಊರುಗಳಲ್ಲಿ ಕಾಯುವುದು ಹೆಚ್ಚು. ಬದಲಾದ ಹೆಸರಿನ ಆ ಕಾಗದ ಬಂಗಾರವಿದ್ದಂತೆ. ದೃಢೀಕರಿಸಿದ ನಾಲ್ಕು ಪ್ರತಿ ತೆಗೆಸಲು ಮಗಳಿಗೆ ಹೇಳಿ, ಒಂದನ್ನು ಊರಿಗೆ ಕಳಿಸಲಿ, ನಿಮ್ಮ ಬೀರುವಿನಲ್ಲಿ ಒಡವೆ ಪಕ್ಕದಲ್ಲೇ ಇರಲಿ.

ಯಾಕೆ ಅಂತೀರಾ? ನಮ್ಮಲ್ಲಿ ಎರಡು ದೇಶದ ಪೌರತ್ವ ಇಲ್ಲ. ಆಕೆ ಅಲ್ಲಿ ಪ್ರಮಾಣ ಮಾಡಿದ ಕೂಡಲೇ ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕು. ಆಮೇಲೆ ಬಂದುಹೋಗಲು ಒಸಿಐ ಕಾರ್ಡ್ ಮಾಡಿಸಬೇಕು. ಹಳೇ ಪಾಸ್‌ಪೋರ್ಟ್‌ನಲ್ಲಿ ಒಂದು ಹೆಸರು, ಹೊಸದರಲ್ಲಿ ಇನ್ನೊಂದು ಇದ್ದರೆ ಅಲ್ಲಿಯೇ ಮೊದಲ ತಡೆ. ಎರಡನೆಯದು ನಮ್ಮ ತಾಲ್ಲೂಕು ಕಚೇರಿಯಲ್ಲಿ. 2005ರ ತಿದ್ದುಪಡಿಯ ನಂತರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಪಿತ್ರಾರ್ಜಿತ ಆಸ್ತಿಗೆ ಮಗಳೂ ಮಗನಷ್ಟೇ ಹಕ್ಕುದಾರಳು. 2020ರಲ್ಲಿ ಸುಪ್ರೀಂ ಕೋರ್ಟ್ ಈ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು ಎಂದು ಹೇಳಿತು. ಪೌರತ್ವ ಬದಲಾದ ಮಾತ್ರಕ್ಕೆ ಈ ಪಾಲು ಕೈತಪ್ಪುವುದಿಲ್ಲ. ಒಸಿಐ ಆದವರು ಇಲ್ಲಿ ವ್ಯವಸಾಯದ ಭೂಮಿ ಕೊಳ್ಳುವಂತಿಲ್ಲ, ನಿಜ. ಆದರೆ ಅಪ್ಪನಿಂದ ಬರುವುದನ್ನು ಪಡೆಯಬಹುದು. ಅರಿಶಿನ, ಸೂರ್ಯಕಾಂತಿ, ಚೆಂಡುಹೂ ಬೆಳೆಯುವ ಆ ಎರಡು ಎಕರೆಯ ಪೌತಿ ಖಾತೆ ಮಾಡುವಾಗ ಕೇಳುವುದು ವಂಶವೃಕ್ಷ. ಅದರಲ್ಲಿ ಮಗಳ ಹೆಸರು ಶಾಲೆಯಲ್ಲಿ ಬರೆಸಿದ್ದು. ಅಮೆರಿಕದಿಂದ ಅಧಿಕಾರ ಪತ್ರ ಬರುವುದು ಹೊಸ ಹೆಸರಲ್ಲಿ. ಇವೆರಡೂ ಒಬ್ಬಳೇ ಎಂದು ತೋರಿಸುವ ಕಾಗದ ಇಲ್ಲದಿದ್ದರೆ ಅಣ್ಣತಮ್ಮಂದಿರು ಒಳ್ಳೆಯವರಾಗಿದ್ದರೂ ಕಷ್ಟ. ಒಳ್ಳೆಯವರಲ್ಲದಿದ್ದರೆ ಹೇಳುವುದೇ ಬೇಡ.

ಹಾಗಾಗಿ ನನ್ನ ಸಲಹೆ ಕೇಳಿದರೆ, ಅಗತ್ಯವಿಲ್ಲದಿದ್ದರೆ ಮಗಳು ಪಾಸ್‌ಪೋರ್ಟ್‌ನಲ್ಲಿರುವ ಹೆಸರನ್ನೇ ಅಕ್ಷರ ತಪ್ಪದೆ ಉಳಿಸಿಕೊಳ್ಳಲಿ. ಗಂಡನ ಹೆಸರು ಬೇಕೇ ಬೇಕು ಎಂಬ ಆಸೆ ಅವಳಿಗೇ ಇದ್ದರೆ ಸಂತೋಷ, ಹಾಕಿಕೊಳ್ಳಲಿ. ಆದರೆ ಅಪ್ಪ ವಿಲ್ ಬರೆಸುವಾಗ, ವಂಶವೃಕ್ಷ ಮಾಡಿಸುವಾಗ ಎರಡೂ ಹೆಸರು 'ಉರುಫ್' ಎಂದು ಸೇರಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಮದುವೆಯ ಕಾರಣಕ್ಕೆ ತಿದ್ದಿಸಲು ಓಡಾಡಬೇಡಿ, ಅದು ಹಾಗೇ ಇರಲಿ. ನೋಟರಿ ಹತ್ತಿರ 'ಇಬ್ಬರೂ ಒಬ್ಬರೇ' ಎಂದು ಅಫಿಡವಿಟ್ ಮಾಡಿಸಿಟ್ಟುಕೊಂಡು ನಿಶ್ಚಿಂತೆಯಾಗಿರುವವರೂ ಇದ್ದಾರೆ. ಸಣ್ಣಪುಟ್ಟ ಕೆಲಸಕ್ಕೆ ಆದೀತು, ಎಲ್ಲ ಕಡೆ ನಡೆಯುವುದಿಲ್ಲ.

ಇನ್ನೊಂದು ಮಾತು. 1997ರವರೆಗೆ ನಮ್ಮದು ಮೈಸೂರು ಜಿಲ್ಲೆ. ಅದಕ್ಕೂ ಮುಂಚೆ ಹುಟ್ಟಿದವರ ಕಾಗದದಲ್ಲಿ ಮೈಸೂರು ಜಿಲ್ಲೆ ಎಂದೇ ಇರುತ್ತದೆ. ಅದು ತಪ್ಪಲ್ಲ, ತಿದ್ದಿಸಲು ಹೋಗಿ ಹೊಸ ತಲೆನೋವು ತಂದುಕೊಳ್ಳಬೇಡಿ. ಊರುಗಳ ಹೆಸರೂ ಬದಲಾಗುತ್ತವಲ್ಲ. ಅರಿಕುಠಾರವಾಗಿದ್ದ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ತಮ್ಮ ತಂದೆಯ ಹೆಸರಿಟ್ಟು ಚಾಮರಾಜನಗರ ಮಾಡಿದರು. ಅರಸರಿಗೆ ಅಫಿಡವಿಟ್ ಬೇಕಿರಲಿಲ್ಲ ಬಿಡಿ.

ಹೆಸರು ಮರಳಿ ಪಡೆಯುವುದೂ ಸುಲಭವಲ್ಲ. ತವರಿನ ಹೆಸರಿಗೆ ವಾಪಸಾಗಲು ಗಂಡನ ಒಪ್ಪಿಗೆ ಪತ್ರ ಇಲ್ಲವೇ ವಿಚ್ಛೇದನದ ಆದೇಶ ಕೊಡಬೇಕೆಂಬ ಕೇಂದ್ರದ ಗೆಜೆಟ್ ನಿಯಮವನ್ನು ಪ್ರಶ್ನಿಸಿ 2024ರಲ್ಲಿ ಮಹಿಳೆಯೊಬ್ಬರು ದೆಹಲಿ ಹೈಕೋರ್ಟ್ ಮೆಟ್ಟಿಲೇರಬೇಕಾಯಿತು. ಹಾಕಿಕೊಳ್ಳುವಾಗ ಕೇಳದ ಒಪ್ಪಿಗೆ ಬಿಡುವಾಗ ಏಕೆ, ನೀವೇ ಹೇಳಿ.

ಈಗ ಅಮ್ಮನ ಸರದಿ. ಮಗಳ ಬಾಣಂತನಕ್ಕೆ ಹೋಗಲು ಆಕೆಗೂ ಪಾಸ್‌ಪೋರ್ಟ್ ಬೇಕು. ಆಧಾರ್, ವೋಟರ್ ಐಡಿ, ಪ್ಯಾನ್ ಹರಡಿ ನೋಡಿದರೆ ಮೂರರಲ್ಲಿ ಮೂರು ಹೆಸರು. ಆಧಾರ್‌ನಲ್ಲಿ ಹೆಸರು ತಿದ್ದಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಆದ್ದರಿಂದ ಯಾವ ಹೆಸರು ಉಳಿಸಿಕೊಳ್ಳುವುದು ಎಂದು ಮೊದಲು ನಿರ್ಧರಿಸಿ, ಆಮೇಲೆ ಕೈಹಾಕಿ ಎಂದೆ. ಮದುವೆಯೂ ನೋಂದಣಿಯಾಗಿರಲಿಲ್ಲ. ಎಷ್ಟು ವರ್ಷವಾದರೂ ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸಬಹುದು, ಲಗ್ನಪತ್ರಿಕೆ, ಫೋಟೊ, ಸಾಕ್ಷಿಗಳನ್ನು ಸಿದ್ಧ ಮಾಡಿಕೊಳ್ಳಿ ಎಂದಾಗ ಗಂಡ ಹೆಂಡತಿ ಸೇರಿ ಅಟ್ಟದ ಮೇಲಿನ ಟ್ರಂಕ್ ಇಳಿಸಿ ಹುಡುಕಿದರು. ಅರಿಶಿನ ಹಚ್ಚಿದ ಹಳೇ ಪತ್ರಿಕೆ ಸಿಕ್ಕಿತು.

ಅದರಲ್ಲಿದ್ದುದು ನಾಲ್ಕನೇ ಹೆಸರು!